74 ವರ್ಷದ ಅಜ್ಜಿ ಸರಗಳ್ಳತನ ನೋಡಿದ್ದಾರೆ, ಪೊಲೀಸರು ಹೇಳಿಕೆಗೆ ಸ್ಟೇಷನ್‌ಗೆ ಕರೆದಿದ್ದಾರೆ. ಅಜ್ಜಿಗೆ ಭಯ, ಏನು ಮಾಡಲಿ?

ಮೊದಲು ಭಯ ಬಿಡಲು ಹೇಳಿ, ಅಜ್ಜಿ ಸ್ಟೇಷನ್‌ಗೆ ಹೋಗಲೇಬೇಕೆಂದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಕಲಂ ಪ್ರಕಾರ, ಹೆಂಗಸರು ಯಾವ ವಯಸ್ಸಿನವರೇ ಇರಲಿ, ಸಾಕ್ಷಿ ಹೇಳಲು ಅವರನ್ನು ವಾಸದ ಜಾಗ ಬಿಟ್ಟು ಬೇರೆಡೆ ಬರಲೇಬೇಕು ಅನ್ನುವಂತಿಲ್ಲ. 60 ದಾಟಿದ ಗಂಡಸರಿಗೂ ಅಷ್ಟೇ, ಹಳೇ ಕಾನೂನಿನಲ್ಲಿ ಅದು 65 ಇತ್ತು. ಅವರಿಗೇ ಬರುವ ಮನಸ್ಸಿದ್ದರೆ ಬೇರೆ ಮಾತು. ಫೋನ್ ಮಾಡಿ, "ಸಾರ್, ಅಜ್ಜಿಗೆ ಓಡಾಡೋಕೆ ಆಗಲ್ಲ, ಮನೆಗೇ ಬನ್ನಿ" ಅನ್ನಿ, ಜಗಳ ಬೇಡ.

ನಾನು ಇಲಾಖೆಯಲ್ಲಿದ್ದವನು, ಈಗ ರಿಟೈರ್ಡ್. ಇಂಥದ್ದೇ ಒಂದು ಕೇಸಿನಲ್ಲಿ ವಯಸ್ಸಾದ ಅಮ್ಮನೊಬ್ಬರ ಹೇಳಿಕೆ ಬರೆದುಕೊಳ್ಳುತ್ತಿದ್ದೆ. ಎಷ್ಟು ಹೊತ್ತಿಗೆ ಅಂದರೆ, "ದೇವರ ದೀಪ ಹಚ್ಚಿ ಆಚೆ ಬಂದಿದ್ದೆ" ಅಂದರು. ನನಗೋ ಅವಸರ, ಆರೂವರೆ ಅಂತ ಬರೆದೆ. ಬೈಕ್ ಕಪ್ಪು ಬಣ್ಣದ್ದಲ್ವಾ ಅಂದೆ, "ಇರಬಹುದಪ್ಪಾ" ಅಂದರು, ಅದನ್ನೂ ಬರೆದೆ. ಮುಂದೆ ಕೋರ್ಟಿನಲ್ಲಿ ವಕೀಲರು ಬಣ್ಣ ಕೇಳಿದಾಗ ಆ ಅಮ್ಮ ನನ್ನ ಕಡೆ ಕೈ ತೋರಿಸಿ, "ನಾನೆಲ್ಲಿ ಹೇಳಿದೆ, ಅವರೇ ಹೇಳಿದ್ದು" ಅಂದುಬಿಟ್ಟರು. ನೆನಪು ಸರಿಯಿಲ್ಲದ್ದು ಅವರದ್ದಲ್ಲ, ಪ್ರಶ್ನೆ ಕೇಳೋಕೆ ಬಾರದ್ದು ನನಗೆ.

ಮನೆಯವರೂ ಇದನ್ನೇ ಮಾಡುತ್ತಾರೆ. ಮಗ ಪಕ್ಕದಲ್ಲಿ ಕೂತು "ಅಮ್ಮಾ, ಹೆಲ್ಮೆಟ್ ಹಾಕಿದ್ರಲ್ವಾ" ಅಂತ ಎಳೆದು ಕೊಡುವುದು, ಸೊಸೆ ಉಳಿದಿದ್ದನ್ನು ಸೇರಿಸುವುದು. ದಯವಿಟ್ಟು ಬೇಡ, ಇವತ್ತು ರಾತ್ರಿ ಕೂರಿಸಿ ಪ್ರ್ಯಾಕ್ಟೀಸ್ ಮಾಡಿಸುವುದಂತೂ ಬೇಡವೇ ಬೇಡ. ಮುಖ್ಯವಾಗಿ, ವಾಟ್ಸಾಪ್ ಗ್ರೂಪಿನಲ್ಲಿ ಓಡಾಡುವ ಸಿಸಿಟಿವಿ ಕ್ಲಿಪ್ಪನ್ನೋ ಯಾರದೋ ಫೋಟೋವನ್ನೋ ಅಜ್ಜಿಗೆ ತೋರಿಸಬೇಡಿ. ಆಮೇಲೆ ಕಣ್ಣಾರೆ ಕಂಡಿದ್ದು ಯಾವುದು, ಮೊಬೈಲಿನಲ್ಲಿ ಕಂಡಿದ್ದು ಯಾವುದು ಅಂತ ಅವರಿಗೇ ಗೊತ್ತಾಗುವುದಿಲ್ಲ, ಗುರುತಿನ ಪರೇಡಿಗೆ, ಅಂದರೆ ಸಾಲಾಗಿ ನಿಂತವರಲ್ಲಿ ಕಳ್ಳನನ್ನು ಗುರುತಿಸಲು ಕರೆದರೆ ಅದೂ ಹಾಳು.

ಹೇಳಿಕೆ ಬರೆದುಕೊಳ್ಳುವ ಪೊಲೀಸರು "ಅವತ್ತು ಆಗಿದ್ದು ಹೇಳಿ ಅಜ್ಜಿ" ಅಂತ ಕೇಳಿ ಸುಮ್ನೆ ಕೂತರೆ ಅರ್ಧ ಕೆಲಸ ಆದ ಹಾಗೆ. ಮೊಮ್ಮಗಳ ಮದುವೆಯಿಂದ ಶುರು ಮಾಡಿದರೂ ತಡೆಯಬಾರದು, ದಾರಿ ಅಲ್ಲಿಂದಲೇ ಬರುತ್ತದೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಬಹುದು ಅಂತ ಮಾತ್ರ ಮೊದಲೇ ಹೇಳಿಡಿ, ಪೊಲೀಸರ ಮುಂದೆ ಹಾಗನ್ನುವುದು ತಪ್ಪು ಅಂದುಕೊಂಡಿರುತ್ತಾರೆ. ಕನ್ನಡಕ, ಕಿವಿ ಮಿಷಿನ್ ಹಾಕಿಸಿ, ಟಿವಿ ಆಫ್ ಮಾಡಿ. ಬರೆದಿದ್ದನ್ನು ಓದಿ ಹೇಳಲು ಪೊಲೀಸರನ್ನು ಕೇಳಿ. ಆ ಹೇಳಿಕೆಗೆ ಸಹಿ ಬೇಕಿಲ್ಲ. ಮಧ್ಯಾಹ್ನ ಮಲಗುವ ಅಭ್ಯಾಸ ಇದ್ದರೆ ಆ ಹೊತ್ತು ಬೇಡ ಅಂತ ಫೋನಿನಲ್ಲೇ ತಿಳಿಸಿಬಿಡಿ.