ಡಿಎನ್‌ಎ ವರದಿ ನಮ್ಮ ಕಕ್ಷಿದಾರನ ವಿರುದ್ಧವಿದೆ: ಮರುಪರೀಕ್ಷೆ ಕೋರಬೇಕೇ, ತಜ್ಞರನ್ನು ಕರೆಸಬೇಕೇ?

ಸದ್ಯಕ್ಕೆ ಎರಡೂ ಬೇಡ. ಕೊಲೆ ಪ್ರಕರಣ, ಆರೋಪಿಯ ಬಟ್ಟೆಯ ಮೇಲೆ ಮೃತನ ರಕ್ತ, ಹೊಂದಾಣಿಕೆಯಾಗಿದೆ ಎನ್ನುವ ವಿಧಿವಿಜ್ಞಾನ ಪ್ರಯೋಗಾಲಯದ (ಎಫ್‌ಎಸ್‌ಎಲ್) ವರದಿ: ನೀವು ಬರೆದದ್ದನ್ನು ಓದುವಾಗ ಹನ್ನೊಂದು ವರ್ಷ ಹಿಂದಿನ ನನ್ನದೇ ಕಡತ ಕಣ್ಣೆದುರು ಬಂತು.

ಆಗ ನಾನು ಸನ್ನದು ಪಡೆದು ನಾಲ್ಕು ವರ್ಷವಾಗಿತ್ತು. ಪ್ರಕರಣ ಉಚಿತ ಕಾನೂನು ನೆರವಿನ ಮೂಲಕ ನನಗೆ ಬಂದಿತ್ತು. ಪ್ರತ್ಯಕ್ಷ ಸಾಕ್ಷಿಗಳಿರಲಿಲ್ಲ, ಆರೋಪಿಯ ಮನೆಯಿಂದ ವಶಪಡಿಸಿಕೊಂಡ ನೀಲಿ ಅಂಗಿಯ ಕಲೆ ಮೃತನದೇ ರಕ್ತ ಎನ್ನುವ ವರದಿಯ ಮೇಲೆ ಇಡೀ ಮೊಕದ್ದಮೆ ನಿಂತಿತ್ತು. ಅದರ ಕೋಷ್ಟಕಗಳನ್ನು ನೋಡಿಯೇ ಹೆದರಿ, ಸರ್ಕಾರಿ ವಿಜ್ಞಾನಿಯನ್ನು ಕರೆಸದೆಯೇ ಅವರ ವರದಿಯನ್ನು ಸಾಕ್ಷ್ಯವಾಗಿ ಬಳಸಲು ಬಿಡುವ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 293ರಡಿ ವರದಿಯನ್ನು ಗುರುತಿಸಲು ಆಕ್ಷೇಪಣೆ ಇಲ್ಲವೆಂದು ಬರೆದುಕೊಟ್ಟೆ.

ಆದರೆ ನನಗೆ ದುಬಾರಿಯಾದ ತಪ್ಪು ಅದಲ್ಲ. ಪೊಟ್ಟಣಗಳನ್ನು ಠಾಣೆಯಿಂದ ಪ್ರಯೋಗಾಲಯಕ್ಕೆ ಒಯ್ದ ಕಾನ್‌ಸ್ಟೆಬಲ್ ಸಾಕ್ಷಿಕಟ್ಟೆಯಲ್ಲಿ ಎರಡೇ ನಿಮಿಷ ನಿಂತಿದ್ದರು. ಮೊಹರು ಮಾಡಿದ ಮುದ್ದೆಮಾಲುಗಳನ್ನು (ವಶಪಡಿಸಿಕೊಂಡ ವಸ್ತುಗಳನ್ನು) ಒಯ್ದು ಕೊಟ್ಟೆ, ಸ್ವೀಕೃತಿ ತಂದೆ ಎಂದರು. ನಾನು ಎದ್ದು ‘ಪಾಟಿ ಸವಾಲು ಇಲ್ಲ’ ಎಂದೆ. ಅವರು ಔಪಚಾರಿಕ ಸಾಕ್ಷಿ ಎಂದುಕೊಂಡಿದ್ದೆ; ನ್ಯಾಯಾಲಯದ ಸಮಯ ಹಾಳು ಮಾಡದ ವಕೀಲ ಎನಿಸಿಕೊಳ್ಳುವ ಆಸೆಯೂ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ನನ್ನ ಶಕ್ತಿಯನ್ನೆಲ್ಲ ತನಿಖಾಧಿಕಾರಿಗೆ ಮೀಸಲಿಟ್ಟೆ. ಅದರಿಂದ ಸಿಕ್ಕಿದ್ದು ನಾನು ಸೂಚಿಸಿದ್ದನ್ನೆಲ್ಲ ಅವರು ಅಲ್ಲಗಳೆದು ‘ಎಂದರೆ ಸರಿಯಲ್ಲ’ ಎಂದು ಮುಗಿಯುವ ಎರಡು ಪುಟಗಳ ವಾಕ್ಯಗಳು.

ಜೀವಾವಧಿ ಶಿಕ್ಷೆಯಾದ ಮೇಲೆ, ಮೇಲ್ಮನವಿಗಾಗಿ ನಕಲುಗಳನ್ನು ಜೋಡಿಸುತ್ತಿದ್ದ ರಾತ್ರಿ, ಮಹಜರುಗಳನ್ನೂ ಪ್ರಯೋಗಾಲಯದ ಸ್ವೀಕೃತಿಯನ್ನೂ ಮೊದಲ ಬಾರಿಗೆ ಅಕ್ಕಪಕ್ಕ ಇಟ್ಟು ಓದಿದೆ. ವಶಪಡಿಸಿಕೊಂಡ ವಸ್ತುಗಳು ಆರು, ಪೊಟ್ಟಣಗಳೂ ಆರು. ಪ್ರಯೋಗಾಲಯ ಸ್ವೀಕರಿಸಿದ ಪೊಟ್ಟಣಗಳು ಮಾತ್ರ ಐದು. ಐದನೆಯದರಲ್ಲಿ ಮೃತನ ರಕ್ತಸಿಕ್ತ ಪಂಚೆಯೂ ಆರೋಪಿಯ ನೀಲಿ ಅಂಗಿಯೂ ಒಟ್ಟಿಗೆ ಇದ್ದವು. ಮಹಜರಿನಲ್ಲಿ ಅಂಗಿಯ ಬಣ್ಣವಿದೆ, ತೋಳಿನ ಉದ್ದವಿದೆ, ಕಲೆಯ ಮಾತೇ ಇಲ್ಲ. ನಡುವೆ 17 ದಿನ ಅವೆಲ್ಲ ಠಾಣೆಯಲ್ಲೇ ಇದ್ದವು. ಎಷ್ಟು ಪೊಟ್ಟಣ ಪಡೆದಿರಿ, ಯಾರ ಮೊಹರಿತ್ತು, ಮೊಹರಿನ ಮಾದರಿಯನ್ನು ಜೊತೆಗೆ ಕಳುಹಿಸಿದ್ದರೇ ಎಂಬ ಮೂರು ಪ್ರಶ್ನೆಗಳನ್ನು ಆ ಕಾನ್‌ಸ್ಟೆಬಲ್‌ಗೆ ಕೇಳಿದ್ದರೆ ಇದೆಲ್ಲ ದಾಖಲೆಗೆ ಬರುತ್ತಿತ್ತು. ಸಾಕ್ಷಿಗೆ ವಿವರಣೆ ನೀಡುವ ಅವಕಾಶವನ್ನೇ ಕೊಡದೆ ಈಗ ಈ ವಾದ ಎತ್ತುವಂತಿಲ್ಲ ಎಂದು ಹೈಕೋರ್ಟ್ ಹೇಳಿತು, ಶಿಕ್ಷೆ ಉಳಿಯಿತು. ಆತ ನಿರಪರಾಧಿ ಎಂದು ನಾನು ವಾದಿಸುತ್ತಿಲ್ಲ. ನನಗದು ಅಂದೂ ಗೊತ್ತಿರಲಿಲ್ಲ, ಇಂದೂ ಗೊತ್ತಿಲ್ಲ.

ಈಗ ನಿಮ್ಮ ಮರುಪರೀಕ್ಷೆಯ ಯೋಚನೆಗೆ ಬರೋಣ. ಪಂಚೆಯ ರಕ್ತ ಅಂಗಿಗೆ ತಾಗಿದ್ದರೆ ನೂರು ಸಲ ಪರೀಕ್ಷಿಸಿದರೂ ಮೃತನ ಡಿಎನ್‌ಎಯೇ ಬರುತ್ತದೆ, ಮತ್ತು ಈ ಸಲ ಆ ಸಾಕ್ಷ್ಯವನ್ನು ನೀವೇ ತಂದುಕೊಟ್ಟಂತಾಗುತ್ತದೆ. ಕೋಟಿಗಳಲ್ಲಿ ಒಬ್ಬರಿಗೆ ಮಾತ್ರ ಹೊಂದೀತು ಎಂಬಂಥ ಅಂಕಿ ಆಕಸ್ಮಿಕ ಹೊಂದಾಣಿಕೆಯ ಸಂಭವವನ್ನಷ್ಟೇ ಹೇಳುತ್ತದೆ. ರಕ್ತ ಬಟ್ಟೆಗೆ ಯಾವಾಗ, ಹೇಗೆ ಬಂತೆಂಬುದನ್ನು ಹೇಳುವುದಿಲ್ಲ. ಆದ್ದರಿಂದ ನಿಮ್ಮ ಮುಖ್ಯ ಸಾಕ್ಷಿ ವಿಜ್ಞಾನಿಯಲ್ಲ, ಠಾಣೆಯ ಮುದ್ದೆಮಾಲು ವಹಿ.

ಇದು ನನ್ನೊಬ್ಬನ ಹಟವಲ್ಲ. ಯುವತಿಯೊಬ್ಬಳ ಅತ್ಯಾಚಾರ ಮತ್ತು ಕೊಲೆಗೆ ಸಂಬಂಧಿಸಿದ ದೆಹಲಿಯ ಛಾವ್ಲಾ ಪ್ರಕರಣದಲ್ಲಿ 2012ರ ಫೆಬ್ರವರಿ 14 ಮತ್ತು 16ರಂದು ವಶಪಡಿಸಿಕೊಂಡ ಮಾದರಿಗಳು ಪ್ರಯೋಗಾಲಯಕ್ಕೆ ಹೋದದ್ದು 27ರಂದು. ಅಲ್ಲಿಯವರೆಗೆ ಅವು ಠಾಣೆಯಲ್ಲೇ ಇದ್ದುದರಿಂದ ತಿದ್ದುವಿಕೆಯ ಸಾಧ್ಯತೆಯನ್ನು ತಳ್ಳಿಹಾಕಲಾಗದು ಎಂದ ಸುಪ್ರೀಂ ಕೋರ್ಟ್, ಮರಣದಂಡನೆಗೆ ಗುರಿಯಾಗಿದ್ದ ಮೂವರನ್ನು 2022ರ ನವೆಂಬರ್‌ನಲ್ಲಿ ಖುಲಾಸೆಗೊಳಿಸಿತು. ಆ ತೀರ್ಪು ಅನೇಕರನ್ನು ಕೆರಳಿಸಿತು, ಅವರ ನೋವು ಸಹಜವಾದದ್ದು. ಆದರೂ ಮಾದರಿಗಳ ಕುರಿತ ಭಾಗವನ್ನು ಮೂಲದಲ್ಲೇ ಓದಿ. 2025ರ ಜುಲೈನಲ್ಲಿ ತಮಿಳುನಾಡಿನ ಪ್ರಕರಣವೊಂದರಲ್ಲಿ ಅದೇ ನ್ಯಾಯಾಲಯ, ಡಿಎನ್‌ಎ ಮಾದರಿಗಳು 48 ಗಂಟೆಗಳೊಳಗೆ ಪ್ರಯೋಗಾಲಯಕ್ಕೆ ತಲುಪುವಂತೆ ತನಿಖಾಧಿಕಾರಿ ನೋಡಿಕೊಳ್ಳಬೇಕು, ಅವು ಯಾರ ಕೈಯಿಂದ ಯಾರ ಕೈಗೆ ಹೋದವೆಂಬ ವಹಿಯನ್ನಿಟ್ಟು ವಿಚಾರಣಾ ನ್ಯಾಯಾಲಯದ ದಾಖಲೆಗೆ ಸೇರಿಸಬೇಕು ಎಂದು ನಿರ್ದೇಶಿಸಿದೆ.

ಮೊದಲು ಮುದ್ದೆಮಾಲು ವಹಿ, ಪಿ.ಎಫ್. (ವಶಪಡಿಸಿಕೊಂಡ ವಸ್ತುಗಳ ಬಗ್ಗೆ ಪೊಲೀಸರು ನ್ಯಾಯಾಲಯಕ್ಕೆ ಕೊಡುವ ಪಟ್ಟಿ) ಮತ್ತು ಪ್ರಯೋಗಾಲಯದ ಸ್ವೀಕೃತಿಯನ್ನು ತರಿಸುವಂತೆ ಅರ್ಜಿ ಹಾಕಿ, ದಿನಾಂಕಗಳನ್ನೂ ಪೊಟ್ಟಣಗಳ ಸಂಖ್ಯೆಯನ್ನೂ ನಿಮ್ಮ ಕೈಯಾರೆ ಒಂದೇ ಹಾಳೆಯಲ್ಲಿ ಬರೆದುಕೊಳ್ಳಿ. ತಜ್ಞರನ್ನು ಕರೆಸಬೇಕೇ ಬೇಡವೇ ಎಂಬುದು ಆ ಹಾಳೆ ನೋಡಿದ ಮೇಲೆ ತೀರ್ಮಾನವಾಗಲಿ. ಅಲ್ಲಿಯವರೆಗೆ ವರದಿಗೆ ಒಪ್ಪಿಗೆ ಬರೆದುಕೊಡಬೇಡಿ. ಕಾನ್‌ಸ್ಟೆಬಲ್ ಸಾಕ್ಷ್ಯ ಈಗಾಗಲೇ ಮುಗಿದಿದ್ದರೆ ಅವರನ್ನು ಮರಳಿ ಕರೆಸಲು ದಂಡ ಪ್ರಕ್ರಿಯಾ ಸಂಹಿತೆಯ ಕಲಂ 311ರಡಿ, ಹೊಸ ನಾಗರಿಕ ಸುರಕ್ಷಾ ಸಂಹಿತೆ ಅನ್ವಯಿಸುವುದಾದರೆ ಕಲಂ 348ರಡಿ, ಅರ್ಜಿ ಸಲ್ಲಿಸಿ. ನನಗೂ ಆ ದಾರಿ ತೆರೆದಿತ್ತು. ತೀರ್ಪು ಬರುವವರೆಗೆ ನಾನು ಸ್ವೀಕೃತಿಯನ್ನೇ ಓದಿರಲಿಲ್ಲ.