ಮಳೆ ಹಿಡಿದ ಮೇಲೆ ಯೋಗ ಬಿಟ್ಟುಹೋಗುತ್ತೆ, ಏನು ಮಾಡೋದು?

ಪ್ರತಿ ಜೂನ್‌ನಲ್ಲೂ ಯೋಗ ಶುರು ಮಾಡಿ ಮಳೆ ಹಿಡಿದ ಕೂಡಲೇ ಬಿಡುತ್ತೀರಿ ಅಂದಿರಿ. ಯೋಗ ಅಂದರೆ ಆಸನ ಮಾತ್ರ ಅಲ್ಲ ಅಂತಾರಲ್ಲ, ಹಾಗಾದರೆ ದಿನದ ಬದುಕಿನಲ್ಲಿ ಅದನ್ನು ನಡೆಸೋದು ಹೇಗೆ ಅಂತಲೂ ಕೇಳಿದ್ದೀರಿ.

ನನ್ನದೂ ಅದೇ ಕಥೆ. ಸಾಗರದ ಹತ್ತಿರ ನಮ್ಮದೊಂದು ಸಣ್ಣ ಅಡಿಕೆ ತೋಟ. ಆರು ವರ್ಷದ ಹಿಂದೆ ಜೂನ್ 21ರ ಯೋಗ ದಿನದಂದೇ ಶುರು ಮಾಡಿದೆ. ನಮ್ಮ ಕಡೆ ಅದು ಆರಿದ್ರಾ ಮಳೆ ಕಾಲಿಡುವ ಹೊತ್ತು. ಬೆಳಗ್ಗೆ ಐದಕ್ಕೆ ತಣ್ಣೀರು ಸ್ನಾನ, ಆಮೇಲೆ 24 ಸೂರ್ಯ ನಮಸ್ಕಾರ. (ಸೂರ್ಯನ ಮುಖ ನೋಡಿ ವಾರವಾಗಿತ್ತು, ಆ ಮಾತು ಬೇರೆ.) ಇದೇ ತಪಸ್ಸು ಅಂದುಕೊಂಡಿದ್ದೆ. ಹದಿನೈದನೇ ದಿನಕ್ಕೆ ಕಫ ಕಟ್ಟಿ ಹಾಸಿಗೆ ಹಿಡಿದೆ. ಅತ್ತೆ ಕಾಳುಮೆಣಸಿನ ಕಷಾಯ ಕೊಡುತ್ತಾ, "ಹಂಡೆಗೆ ಬೆಂಕಿ ಹಾಕೋದು ಯಾಕೆ ಅಂದ್ಕೊಂಡಿದ್ದೆ?" ಅಂದರು.

ಆಮೇಲೆ ಹಠಯೋಗದ ಹಳೆಯ ಗ್ರಂಥ ಘೇರಂಡ ಸಂಹಿತೆ ಓದಿದಾಗ ನಗು ಬಂತು. ಹೇಮಂತ, ಶಿಶಿರ, ಗ್ರೀಷ್ಮ, ವರ್ಷ ಋತುಗಳಲ್ಲಿ ಯೋಗ ಶುರು ಮಾಡಬೇಡಿ, ಮಾಡಿದರೆ ರೋಗ ಬರುತ್ತೆ ಅಂತ ಅದರಲ್ಲಿ ನೇರವಾಗಿಯೇ ಇದೆ. ವಸಂತದಲ್ಲಿ ಅಥವಾ ಶರತ್ತಿನಲ್ಲಿ ಶುರು ಮಾಡಬೇಕಂತೆ. ನಮ್ಮ ಲೆಕ್ಕದಲ್ಲಿ ಯುಗಾದಿ ಕಳೆದ ಮೇಲೆ, ಇಲ್ಲವೇ ನವರಾತ್ರಿ ಹೊತ್ತಿಗೆ. ಆದ್ದರಿಂದ ಜೂನ್‌ನಲ್ಲಿ ಬಿಟ್ಟುಹೋಯಿತು ಅಂತ ನಿಮ್ಮನ್ನೇ ಜಾಸ್ತಿ ಬೈದುಕೊಳ್ಳಬೇಡಿ.

ತಪಸ್ಸಿನ ಬಗ್ಗೆಯೂ ನಾನು ತಪ್ಪು ತಿಳಿದಿದ್ದೆ. ಪತಂಜಲಿಯ ಯೋಗಸೂತ್ರಕ್ಕೆ ವಿವರಣೆಯಾಗಿ ಬರೆದ ವ್ಯಾಸಭಾಷ್ಯದಲ್ಲಿ ತಪಸ್ಸು ಅಂದರೆ ಹಸಿವು-ಬಾಯಾರಿಕೆ, ಚಳಿ-ಸೆಕೆಯಂಥ ಜೋಡಿಗಳನ್ನು ತಾಳಿಕೊಳ್ಳೋದು. ಅದೂ ಮನಸ್ಸಿನ ತಿಳಿ ಕದಡದಷ್ಟು ಮಾತ್ರ. ಚಳಿ ತಾನಾಗಿ ಬಂದರೆ ತಾಳಿಕೊಳ್ಳೋದು ಸರಿ, ಹುಡುಕಿಕೊಂಡು ಹೋಗಿ ಮೈಮೇಲೆ ಸುರಿದುಕೊಳ್ಳೋದು ಯಾಕೆ, ಅಲ್ವಾ? ಪತಂಜಲಿ ಆಸನದ ಬಗ್ಗೆ ಹೇಳಿದ್ದೇ ಮೂರು ಸೂತ್ರ. ಮೊದಲನೆಯದು "ಸ್ಥಿರಸುಖಮಾಸನಮ್". ಅಲುಗಾಡದೆ, ಹಾಯಾಗಿ ಕೂರೋದು. ಆಷಾಢದಲ್ಲಿ ನನಗೆ ಆ ಸುಖ ಸಿಗೋದು ಬಚ್ಚಲೊಲೆಯ ಪಕ್ಕದಲ್ಲಿ. ಅಲ್ಲೇ ಹತ್ತು ನಿಮಿಷ ಉಸಿರು ನೋಡುತ್ತಾ ಕೂರುತ್ತೇನೆ. ಮೈ ತಂಪು ಮಾಡುವ ಶೀತಲಿ ಪ್ರಾಣಾಯಾಮ ಬೇಸಿಗೆಗೆ ಇಟ್ಟುಕೊಂಡಿದ್ದೇನೆ.

ನಿಜವಾದ ಪರೀಕ್ಷೆ ತೋಟದಲ್ಲಿ. ಅಡಿಕೆಗೆ ಕೊಳೆರೋಗ ಬರಬಾರದು ಅಂದರೆ ಮಳೆ ಹಿಡಿಯುವ ಮುಂಚೆ ಒಮ್ಮೆ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಯಬೇಕು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಸುಮಾರು ನಲವತ್ತು ದಿನ ಬಿಟ್ಟು ಇನ್ನೊಮ್ಮೆ. ಒಂದು ವರ್ಷ ಆ ಎರಡನೇ ಸಲಕ್ಕೆ ಮಳೆ ಹೊಳವೇ ಕೊಡಲಿಲ್ಲ, ಅಂದರೆ ನಡುವೆ ಬಿಡುವೇ ಇರಲಿಲ್ಲ. ಕಾಯಿ ಉದುರತೊಡಗಿತು. ದಿನಾ ಬೆಳಗ್ಗೆ ಬುಟ್ಟಿ ಹಿಡಿದು ಒಂದೊಂದೇ ಮರದ ಬುಡದಲ್ಲಿ ಉದುರಿದ್ದನ್ನು ಎಣಿಸುತ್ತಿದ್ದೆ. ನಿನ್ನೆ ಎಷ್ಟು, ಇವತ್ತು ಎಷ್ಟು ಅಂತ. ಮನೆಗೆ ಬಂದರೆ ಎಲ್ಲರ ಮೇಲೂ ಸಿಡುಕು. ಮಗಳ ಕೊಡೆ ಮುರಿದಿದ್ದಕ್ಕೆ ಅವಳು ಅಳುವಷ್ಟು ಬೈದಿದ್ದೆ.

ಅಭ್ಯಾಸ, ವೈರಾಗ್ಯ ಎರಡೂ ಬೇಕು ಅಂತ ಪತಂಜಲಿ ಹೇಳಿದ್ದು ನನಗೆ ಅರ್ಥವಾಗಿದ್ದು ಆ ಬುಟ್ಟಿಯಿಂದ. ಕೊಳೆತ ಕಾಯಿ ಹೆಕ್ಕಿ ತೋಟದಿಂದ ಆಚೆ ಹಾಕಲೇಬೇಕು, ಇಲ್ಲದಿದ್ದರೆ ರೋಗ ಹರಡುತ್ತೆ. ಅದು ಅಭ್ಯಾಸ. ಎಣಿಸೋದು ಯಾರೂ ಹೇಳಿದ ಕೆಲಸ ಅಲ್ಲ. ಅದನ್ನು ಬಿಡೋದು ವೈರಾಗ್ಯ. ಈಗ ಹೆಕ್ಕುತ್ತೇನೆ, ಎಣಿಸುವುದಿಲ್ಲ. ಸುಳ್ಳು ಯಾಕೆ, ಕೆಲವು ದಿನ ಎಂಟು, ಒಂಬತ್ತು ಅಂತ ಬಾಯಿ ತಾನಾಗಿ ಗುನುಗುತ್ತೆ.

ನೀವು ನವರಾತ್ರಿವರೆಗೂ ಚಾಪೆ ಸುತ್ತಿಟ್ಟರೂ ಪರವಾಗಿಲ್ಲ. ನಿಮ್ಮ ಮನೆಯಲ್ಲಿ ನೀವು ಸುಮ್ನೆ ಎಣಿಸುತ್ತಿರೋದು ಏನು ಅಂತ ಒಂದು ವಾರ ಗಮನಿಸಿ. ಇನ್ನೂ ಬರೆಯಬಹುದಿತ್ತು, ಆದರೆ ಈಗಷ್ಟೇ ಹೊಳವಾಗಿದೆ, ಅಡಿಕೆ ಮರ ಹತ್ತಿ ಕೆಲಸ ಮಾಡುವ ಕೊನೆಗೌಡ ಬಂದು ಅಂಗಳದಲ್ಲಿ ನಿಂತಿದ್ದಾರೆ.