ಸಂಪಾದಕರ ಉತ್ತರ: ‘ಮುಗಿಯದ ವಿವಾದ’ ಎಂದವನು ನಾನೇ

ಓದುಗರೊಬ್ಬರ ಪತ್ರ (ಹೆಸರು, ಊರು ಹಾಕಬೇಡಿ ಎಂದಿದ್ದಾರೆ): “ಕಳೆದ ತಿಂಗಳ ‘ಲಸಿಕೆ ಮತ್ತು ಆಟಿಸಂ: ಮುಗಿಯದ ವಿವಾದ’ ಓದಿದೆ. ನನ್ನ ಮಗ ಒಂದೂವರೆ ವರ್ಷಕ್ಕೆ ಅಮ್ಮ, ತಾತ, ಬೌಬೌ ಎನ್ನುತ್ತಿದ್ದ. ದಡಾರದ ಎರಡನೇ ಚುಚ್ಚುಮದ್ದಾದ ಮೇಲೆ ಎರಡು ದಿನ ಜ್ವರ ಬಂತು. ಆಮೇಲೆ ಒಂದೊಂದೇ ಮಾತು ನಿಂತುಹೋಯಿತು. ಈಗ ನಾಲ್ಕು ವರ್ಷ. ಹೆಸರು ಹಿಡಿದು ಕರೆದರೆ ತಿರುಗುವುದಿಲ್ಲ, ಲಾರಿ ಸದ್ದು ಕೇಳಿದರೆ ಗೇಟಿಗೆ ಓಡುತ್ತಾನೆ. ಮಗಳಿಗೆ ಮುಂದಿನ ವಾರ ಒಂಬತ್ತು ತಿಂಗಳು ತುಂಬುತ್ತದೆ. ಅತ್ತೆ ನಿಮ್ಮ ಪತ್ರಿಕೆ ತೋರಿಸಿ, ಸೂಜಿ ಬೇಡವೇ ಬೇಡ ಎನ್ನುತ್ತಿದ್ದಾರೆ. ಅಮೆರಿಕ ಸರ್ಕಾರವೂ ಈಗ ಹಾಗೇ ಹೇಳುತ್ತಿದೆಯಂತೆ. ನಾನೇನು ಮಾಡಲಿ?”

ಸಹೋದರಿ,

ಮೊದಲು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ‘ಮುಗಿಯದ ವಿವಾದ’ ಎಂಬ ತಲೆಬರಹ ಲೇಖಕರದಲ್ಲ, ನನ್ನದು. ಓದುಗರು ಪುಟ ತಿರುಗಿಸದೆ ನಿಲ್ಲಲಿ ಎಂಬ ಆಸೆಗೆ ಹಾಕಿದ್ದು. ಒಳಗಿನ ಬರಹ ಹೇಳಿದ್ದೇ ಬೇರೆ. ಆ ತಲೆಬರಹ ನಿಮ್ಮ ಮನೆಯಲ್ಲಿ ಸಾಕ್ಷಿಯಾಗುತ್ತದೆಂದು ನಾನು ಯೋಚಿಸಲಿಲ್ಲ.

ನೀವು ಕಂಡದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಎಂಬ ಮಾತನ್ನು ಕೊಂಬೆ ಮೈಮೇಲೆ ಬಿದ್ದವರ ಮುಂದೆ ಆಡಬಾರದು. ಆದರೆ ಬಂದ ಮಾತು ಹಿಂದೆ ಹೋಗುವ ಬಗೆಯ ಆಟಿಸಂ ಇದೆ, ಅದು ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು ಒಂದೂಕಾಲು ವರ್ಷದಿಂದ ಎರಡು ವರ್ಷದೊಳಗೆ. ನಮ್ಮಲ್ಲಿ ದಡಾರ-ರುಬೆಲ್ಲಾ ಎರಡನೇ ಡೋಸ್ ಕೊಡುವುದೂ 16ರಿಂದ 24 ತಿಂಗಳೊಳಗೆ. ಎರಡೂ ಒಂದೇ ಕಾಲದಲ್ಲಿ ಬರುತ್ತವೆ. ಸೂಜಿಯೇ ಕಾರಣವೋ ಎಂದು ತಿಳಿಯಬೇಕಾದರೆ ಅದನ್ನು ಹಾಕಿಸಿಕೊಳ್ಳದ ಮಕ್ಕಳನ್ನೂ ಪಕ್ಕದಲ್ಲಿಟ್ಟು ನೋಡಬೇಕು.

ಡೆನ್ಮಾರ್ಕಿನವರು ಹಾಗೆ ನೋಡಿದರು. 1999ರಿಂದ 2010ರೊಳಗೆ ಹುಟ್ಟಿದ 6,57,461 ಮಕ್ಕಳು. ನಮ್ಮ ಸೂಜಿಯಲ್ಲಿರುವ ದಡಾರ, ರುಬೆಲ್ಲಾ ಜೊತೆಗೆ ಮಂಗನಬಾವಿನದ್ದೂ ಸೇರಿದ ಎಂಎಂಆರ್ ಲಸಿಕೆ ಹಾಕಿಸಿಕೊಂಡವರಲ್ಲಿ ಆಟಿಸಂ ಹೆಚ್ಚಿರಲಿಲ್ಲ. ನಿಮಗೆ ಇದಕ್ಕಿಂತ ಹತ್ತಿರದ್ದು ಅಮೆರಿಕದ 2015ರ ಅಧ್ಯಯನ. ಅದರಲ್ಲಿದ್ದ 95,727 ಮಕ್ಕಳಿಗೂ ಅಣ್ಣನೋ ಅಕ್ಕನೋ ಇದ್ದರು. ಹಿರಿಯ ಮಗುವಿಗೆ ಆಟಿಸಂ ಇದ್ದ ಮನೆಗಳಲ್ಲೂ, ಎಂಎಂಆರ್ ಪಡೆದ ಕಿರಿಯರಿಗೆ ಅಪಾಯ ಹೆಚ್ಚಲಿಲ್ಲ. ಅಂಥ ಮನೆಗಳಲ್ಲಿ ಕಿರಿಯರಿಗೆ ಆಟಿಸಂ ಬರುವ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ನಿಜ. ಅದು ಬಹುಮಟ್ಟಿಗೆ ವಂಶವಾಹಿಯ ವಿಷಯ. ಸೂಜಿ ತಪ್ಪಿಸಿದರೆ ಅದು ತಪ್ಪುವುದಿಲ್ಲ.

ಈ ಭಯ ಹುಟ್ಟಿದ್ದು ಲಂಡನ್ನಿನಲ್ಲಿ. 1998ರ ಫೆಬ್ರವರಿಯಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಎಂಬ ವೈದ್ಯ ಮತ್ತು ಜೊತೆಗಾರರು ‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಹನ್ನೆರಡೇ ಹನ್ನೆರಡು ಮಕ್ಕಳ ಬಗ್ಗೆ ಬರೆದು, ಎಂಎಂಆರ್‌ಗೂ ಆಟಿಸಂಗೂ ನಂಟಿರಬಹುದೆಂದು ಸೂಚಿಸಿದರು. ಲಸಿಕೆ ಕಂಪನಿಗಳ ಮೇಲೆ ದಾವೆ ಹೂಡಲು ಹೊರಟಿದ್ದ ವಕೀಲರಿಂದ ವೇಕ್‌ಫೀಲ್ಡ್‌ಗೆ ಹಣ ಬರುತ್ತಿತ್ತೆಂದು 2004ರಲ್ಲಿ ಬ್ರಯಾನ್ ಡೀರ್ ಎಂಬ ವರದಿಗಾರ ಬಯಲು ಮಾಡಿದ. ‘ಪತ್ರಕರ್ತರೆಲ್ಲ ಕಂಪನಿಗಳ ಕಡೆ’ ಎನ್ನುವವರಿಗೆ ನಾನು ಈ ಹಣದ ಕಥೆಯನ್ನೇ ಹೇಳುವುದು. 2010ರಲ್ಲಿ ‘ಲ್ಯಾನ್ಸೆಟ್’ ಆ ಬರಹವನ್ನು ಹಿಂತೆಗೆದುಕೊಂಡಿತು, ವೇಕ್‌ಫೀಲ್ಡ್ ವೈದ್ಯ ಪಟ್ಟಿಯಿಂದಲೇ ಹೊರಬಿದ್ದರು. ಅಷ್ಟರೊಳಗೆ ಹನ್ನೆರಡು ವರ್ಷ ಕಳೆದಿತ್ತು, ಬ್ರಿಟನ್ನಿನಲ್ಲಿ ದಡಾರ ಮತ್ತೆ ಹಬ್ಬಿತ್ತು.

ಇನ್ನು ಅಮೆರಿಕ. ಲಸಿಕೆಗಳ ಮೇಲೆ ಬಹುಕಾಲದಿಂದ ಅನುಮಾನ ಪಡುತ್ತ ಬಂದ ರಾಬರ್ಟ್ ಕೆನಡಿ ಜೂನಿಯರ್ ಆರೋಗ್ಯ ಮಂತ್ರಿಯಾದ ಮೇಲೆ, 2025ರ ನವೆಂಬರಿನಲ್ಲಿ, ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ತನ್ನ ಜಾಲತಾಣದ ಮಾತು ಬದಲಿಸಿದ್ದು ಹೌದು. ‘ಸಂಬಂಧ ಇದೆ’ ಎಂದು ಅದು ಹೇಳಿಲ್ಲ, ‘ಇಲ್ಲವೇ ಇಲ್ಲ ಎಂದು ಸಾಬೀತಾಗಿಲ್ಲ’ ಎಂಬ ಧಾಟಿ. ಹುಣಸೆಮರದಲ್ಲಿ ದೆವ್ವ ಇಲ್ಲವೆಂದು ಸಾಬೀತು ಮಾಡಿ ಎಂದರೆ ಯಾರು ತಾನೇ ಮಾಡಿಯಾರು?

ಲಸಿಕೆಗೆ ದೋಷವೇ ಇಲ್ಲ ಎನ್ನುವವರ ಜೊತೆಗೂ ನಾನಿಲ್ಲ. ಜಪಾನ್ 1993ರಲ್ಲಿ ಎಂಎಂಆರ್ ನಿಲ್ಲಿಸಿತು. ಅದರೊಳಗಿನ ಮಂಗನಬಾವಿನ ಅಂಶದಿಂದ ಕೆಲವು ಮಕ್ಕಳಿಗೆ ಮಿದುಳು ಪೊರೆಯ ಉರಿಯೂತ ಬಂದಿತ್ತು. ದೋಷ ಇದ್ದಾಗ ಹೀಗೆ ಸಿಕ್ಕಿಬೀಳುತ್ತದೆ. ಅದೇ ಜಪಾನಿನ ಯೊಕೊಹಾಮಾದಲ್ಲಿ, ಎಂಎಂಆರ್ ನಿಂತ ಮೇಲೂ ಆಟಿಸಂ ಪತ್ತೆಯಾಗುವ ಮಕ್ಕಳ ಪ್ರಮಾಣ ಏರುತ್ತಲೇ ಹೋಯಿತು.

ಮಗಳಿಗೆ ಹಾಕಿಸಿ. ವಾರ ಹತ್ತು ದಿನದ ಮೇಲೆ ಜ್ವರ, ಸಣ್ಣ ಗುಳ್ಳೆ ಕಾಣಿಸಬಹುದು. ತೀರಾ ಅಪರೂಪಕ್ಕೆ ಜ್ವರದಲ್ಲಿ ಸೆಳೆತ ಬರುತ್ತದೆ. ಬಂದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಅಣ್ಣನ ವಿಷಯವನ್ನು ಸಿಸ್ಟರ್‌ಗೆ ಮೊದಲೇ ಹೇಳಿ, ಸಾಧ್ಯವಾದರೆ ಅತ್ತೆಯವರನ್ನೂ ಕರೆದುಕೊಂಡು ಹೋಗಿ.

ಪತ್ರದಲ್ಲಿ ಮಗನಿಗೆ ಯಾವ ತರಬೇತಿ ನಡೆಯುತ್ತಿದೆ ಎಂದು ನೀವು ಬರೆದಿಲ್ಲ; ನನಗೆ ಹೆಚ್ಚು ಚಿಂತೆ ಅದರದ್ದೇ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಐದು ತುಂಬಲಿ ಎಂದು ಕಾಯಬೇಡಿ. ಹೋದಾಗ ಆ ಲಾರಿಯ ವಿಷಯ ಮರೆಯದೆ ಹೇಳಿ. ಮಗು ಯಾವುದಕ್ಕೆ ತಾನಾಗಿ ಓಡಿಹೋಗುತ್ತದೆ ಎಂಬುದು ಮಾತು ಕಲಿಸುವವರಿಗೆ ಬೇಕಾಗುತ್ತದೆ.

– ಸಂಪಾದಕ